"ಈಗ ನಾ ಎಷ್ಟ ರೊಕ್ಕ ಕಟ್ಟಬೇಕು?"

ಮಂಗಳವಾರದಿಂದ ಈ ಒಂದು ಮಾತು ಕಿವಿಯಿಂದ ಹೋಗುತ್ತಿಲ್ಲ. ರೊಕ್ಕ ಕೊಡಲು ಹೋದವನು ನಾನು. ಎಷ್ಟು ಕಟ್ಟಬೇಕು ಅಂತ ಕೇಳಿದವಳು ಆಕೆ.

ಸೋಮವಾರ ಸಂಜೆ ಗದಗ ಮಾರ್ಕೆಟ್ಟಿನಲ್ಲಿ ಮೆಂತ್ಯೆ ಪಲ್ಲೆ, ಕೊತ್ತಂಬರಿ ತಗೊಂಡೆ. ಹದಿನೆಂಟು ರೂಪಾಯಿ ಆಯಿತು, ಇಪ್ಪತ್ತು ಕೊಟ್ಟೆ. ಲಕ್ಕುಂಡಿಯಿಂದ ಬಂದು ಗೋಣಿಚೀಲ ಹಾಸಿ ಕೂರುವ ಆಯಿ ಸಂಚಿಯಲ್ಲಿ ಕೈಯಾಡಿಸಿ ಒಂದು ನಾಣ್ಯ ತೆಗೆದಳು. ನೋಡಿದವಳೇ ಮತ್ತೆ ಒಳಗೆ ಹಾಕಲು ಹೋದಳು.

"ಇದ ಬ್ಯಾಡ ತಮ್ಮಾ, ಇದು ನಡಿಯೂದಿಲ್ಲ. ಎರಡ ತಿಂಗಳಾತು, ಯಾರೂ ತಗೊಳವಲ್ರು."

"ಇರಲಿ ಕೊಡ್ರಿ ಆಯಿ" ಅಂದೆ.

ಒಂದು ಕಡೆ ಸಿಂಹದ ಲಾಂಛನ ಎಂದಿನಂತೆ ಉಬ್ಬಿ ನಿಂತಿತ್ತು. ತಿರುಗಿಸಿದೆ. ಅಲ್ಲಿಯೂ ಸಿಂಹವೇ. ಆದರೆ ಉಬ್ಬಿದ್ದಲ್ಲ, ಒಳಗೆ ಇಳಿದಿದ್ದು. ಹೆಬ್ಬೆರಳು ಸವರಿದರೆ ತಗ್ಗು ತಿಳಿಯುತ್ತಿತ್ತು. ಅಕ್ಷರಗಳೆಲ್ಲ ಕನ್ನಡಿಯಲ್ಲಿ ಕಂಡ ಹಾಗೆ ಉಲ್ಟಾ. ಎರಡು ಅನ್ನುವ ಅಂಕಿ ಇಲ್ಲ, ರೂಪಾಯಿ ಚಿಹ್ನೆ ಇಲ್ಲ, ಇಸವಿ ಇಲ್ಲ. ಇಸವಿಯ ಕೆಳಗೆ ಇರಬೇಕಾದ, ನಾಣ್ಯ ಅಚ್ಚು ಹಾಕುವ ಟಂಕಸಾಲೆಯ ಗುರುತೂ ಇಲ್ಲ. ಮುಂಬೈಯದಾದರೆ ವಜ್ರದ ಆಕಾರ, ಹೈದರಾಬಾದಿನದಾದರೆ ನಕ್ಷತ್ರ, ನೊಯ್ಡಾದ್ದಾದರೆ ಚುಕ್ಕೆ ಇರುತ್ತದೆ. ಕೋಲ್ಕತ್ತಾದ್ದಕ್ಕೆ ಮಾತ್ರ ಗುರುತೇ ಇರುವುದಿಲ್ಲ. ಈ ನಾಣ್ಯ ಯಾವ ಊರಲ್ಲಿ, ಯಾವ ವರ್ಷ ಹುಟ್ಟಿತು ಅಂತ ಹೇಳಲು ದಾರಿಯೇ ಇಲ್ಲ. ಬೆಲೆಯೇ ಬರೆದಿಲ್ಲದ ನಾಣ್ಯವನ್ನು ಅಂಗಡಿಯವರು ಹೇಗೆ ತಗೊಂಡಾರು?

ನಾವು ನಾಣ್ಯ ಸಂಗ್ರಹಿಸುವವರು ಇದನ್ನು ಲಖಿ ಅಂತೀವಿ. ಟಂಕಸಾಲೆಯಲ್ಲಿ ಒಮ್ಮೊಮ್ಮೆ ಮುದ್ರೆಯಾದ ನಾಣ್ಯ ಕೆಳಗೆ ಬೀಳದೆ ಒಂದು ಕಡೆಯ ಅಚ್ಚಿಗೇ ಅಂಟಿಕೊಂಡು ಬಿಡುತ್ತದೆ. ಅಷ್ಟರಲ್ಲಿ ಮುಂದಿನ ಖಾಲಿ ಬಿಲ್ಲೆ ಬಂದು ಕೂರುತ್ತದೆ. ಅದರ ಒಂದು ಮುಖಕ್ಕೆ ಎದುರು ಕಡೆಯ ಅಚ್ಚು ಬಡಿಯುತ್ತದೆ, ಇನ್ನೊಂದು ಮುಖಕ್ಕೆ ಆ ಅಂಟಿಕೊಂಡ ನಾಣ್ಯವೇ ಬಡಿಯುತ್ತದೆ. ಹಾಗಾಗಿ ಒಂದೇ ಚಿತ್ರ ಒಂದು ಕಡೆ ಉಬ್ಬು, ಇನ್ನೊಂದು ಕಡೆ ತಗ್ಗು. ಅಂಟಿದ ಮೇಲಿನ ಮೊದಲ ಏಟಿಗೆ ಸಿಕ್ಕಿದ ಬಿಲ್ಲೆಯಾದರೆ ಚಿತ್ರ ಚೊಕ್ಕ ಇರುತ್ತದೆ. ಆಮೇಲಿನವು ಹರಡುತ್ತ, ಮಸುಕಾಗುತ್ತ ಹೋಗುತ್ತವೆ. ನನ್ನ ಕೈಯಲ್ಲಿದ್ದ ಸಿಂಹದ ಕೂದಲೂ ಎಣಿಸುವಂತಿತ್ತು.

ಮನೆಗೆ ಬಂದು ತೂಗಿದೆ. 4.85 ಗ್ರಾಂ. ಅಗಲ 25 ಮಿಲಿಮೀಟರ್. 2011ರಲ್ಲಿ ಬಂದ ಎರಡು ರೂಪಾಯಿಯ ಅಳತೆಯೇ. ಎರಡು ನಾಣ್ಯ ಸೇರಿಸಿ ವೈಸಿನಲ್ಲಿ ಒತ್ತಿ ಇಂಥದ್ದನ್ನು ತಯಾರು ಮಾಡುವವರೂ ಇದ್ದಾರೆ. ಅದರಲ್ಲಿ ಮೊದಲಿದ್ದ ಅಂಕಿಯ ಗೆರೆ ಎಲ್ಲೋ ಒಂದು ಕಡೆ ಉಳಿದಿರುತ್ತದೆ, ಹಿಂದಿನ ಮುಖ ಚಪ್ಪಟೆ ಆಗಿರುತ್ತದೆ. ಭೂತಗನ್ನಡಿ ಹಿಡಿದು ಅರ್ಧ ಗಂಟೆ ಹುಡುಕಿದೆ. ಏನೂ ಇಲ್ಲ. ಅಪ್ಪಟ ಲಖಿ.

ಖುಷಿ ಎಷ್ಟಾಯಿತೋ ಸಂಕಟವೂ ಅಷ್ಟೇ ಆಯಿತು. ಇಂಥದ್ದೇ ಒಂದಕ್ಕೆ ನಾನು ಹಿಂದೆ ನಾಲ್ಕು ನೂರು ಕೊಟ್ಟಿದ್ದೆ. ಆಯಿಯ ಹತ್ತಿರ ಎರಡು ರೂಪಾಯಿಗೆ ತಂದೆ, ಬಾಯಿ ಬಿಡಲಿಲ್ಲ. ನಮ್ಮಲ್ಲಿ ಇದಕ್ಕೆ ಜಾಣತನ ಅಂತಲೇ ಹೆಸರು. "ಗೊತ್ತಿಲ್ಲದವರ ಕಡೆ ತಗೋಬೇಕು, ಸುಮ್ನೆ ಬರಬೇಕು" ಅಂತ ನನಗೆ ಕಲಿಸಿದ ಹಿರಿಯರು ಒಳ್ಳೆಯವರೇ, ಆದರೆ ಆ ಮಾತು ಒಳ್ಳೆಯದಲ್ಲ. ಅದೂ ಆಕೆ ಲಕ್ಕುಂಡಿಯವಳು. ಒಂದು ಕಾಲಕ್ಕೆ ಟಂಕಸಾಲೆ ಇದ್ದ ಊರು ಅದು. ಅಲ್ಲಿಯ ಲೊಕ್ಕಿ ಗದ್ಯಾಣ ಅನ್ನುವ ಚಿನ್ನದ ನಾಣ್ಯದ ಹೆಸರು ಶಾಸನಗಳಲ್ಲಿ ಇದೆ. ಆ ಊರಿನ ಹೆಣ್ಣುಮಗಳಿಗೆ ನಾಣ್ಯದ ವಿಷಯದಲ್ಲಿ ಮೋಸ ಆಗುವುದು, ಅದೂ ನನ್ನಿಂದ. ರಾತ್ರಿ ನಿದ್ದೆ ಹತ್ತಲಿಲ್ಲ.

ಮರುದಿನ ನಾಲ್ಕು ನೂರು ರೂಪಾಯಿ ಜೇಬಿನಲ್ಲಿಟ್ಟುಕೊಂಡು ಹೋದೆ. "ಆಯಿ, ನಿನ್ನೆ ಕೊಟ್ರಲ್ಲ, ಆ ನಾಣ್ಯಕ್ಕ ಜಾಸ್ತಿ ಬೆಲಿ ಐತ್ರಿ" ಅಂದೆ. ಸಿವುಡು ಕಟ್ಟುತ್ತಿದ್ದ ಕೈ ನಿಂತಿತು. ಮುಖ ಬಿಗಿಯಿತು.

"ಈಗ ನಾ ಎಷ್ಟ ರೊಕ್ಕ ಕಟ್ಟಬೇಕು?"

ನನಗೆ ಅರ್ಥವೇ ಆಗಲಿಲ್ಲ. ಪಕ್ಕದ ಉಳ್ಳಾಗಡ್ಡಿಯವಳು ಹೇಳಿದಳು. ಆಯಿಯ ಮೊಮ್ಮಗ ಮೊಬೈಲಿನಲ್ಲಿ ವಿಡಿಯೋ ನೋಡಿದ್ದ. ವೈಷ್ಣೋದೇವಿ ಚಿತ್ರದ ನಾಣ್ಯಕ್ಕೆ ಲಕ್ಷ ಲಕ್ಷ ಕೊಡುತ್ತೇವೆ ಅಂತ. ಮನೆಯಲ್ಲಿ ಒಂದಿತ್ತು. ಫೋನ್ ಮಾಡಿದರೆ ಮೊದಲು ಹೆಸರು ನೋಂದಾಯಿಸಲು ಎರಡು ಸಾವಿರ, ಆಮೇಲೆ ತೆರಿಗೆ ಅಂತ ಮೂರು ಸಾವಿರ ಕಟ್ಟಿಸಿಕೊಂಡರು. ಅಲ್ಲಿಗೆ ಫೋನ್ ಬಂದ್. ಐದು ಸಾವಿರ ಅಂದರೆ ಹತ್ತು ರೂಪಾಯಿಯ ಐನೂರು ಸಿವುಡು ಪಲ್ಲೆ.

ಆ ನಾಣ್ಯ 2012ರಲ್ಲಿ ಬಂದದ್ದು, ಐದರದೂ ಇದೆ, ಹತ್ತರದೂ ಇದೆ. ಚಿಲ್ಲರೆಯಲ್ಲಿ ಸಿಗುತ್ತಿದ್ದ ನಾಣ್ಯ ಅದು, ಲಕ್ಷದ ಮಾತೇ ಇಲ್ಲ. ಹಳೆ ನಾಣ್ಯ, ನೋಟು ಮಾರಿಸಿಕೊಡುತ್ತೇವೆ ಅಂತ ತನ್ನ ಹೆಸರಿನಲ್ಲಿ ಶುಲ್ಕ, ಕಮಿಷನ್, ತೆರಿಗೆ ಕೇಳುವವರ ಬಲೆಗೆ ಬೀಳಬೇಡಿ ಅಂತ ರಿಸರ್ವ್ ಬ್ಯಾಂಕು 2021ರ ಆಗಸ್ಟ್‌ನಲ್ಲೇ ಹೇಳಿದೆ. ಆದರೆ ಆ ಪ್ರಕಟಣೆ ಆ ಹುಡುಗನ ಮೊಬೈಲಿಗೆ ಬರುವುದಿಲ್ಲ, ವಿಡಿಯೋ ಬರುತ್ತದೆ. ಆ ವಿಡಿಯೋ ಮಾಡುವವರ ಮೇಲೆ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಅವರು ಐದು ಸಾವಿರವನ್ನಷ್ಟೇ ಒಯ್ದಿಲ್ಲ. ನಿಮ್ಮ ನಾಣ್ಯಕ್ಕೆ ಬೆಲೆ ಇದೆ ಅನ್ನುವ ಮಾತನ್ನೇ ಕೆಡಿಸಿ ಇಟ್ಟಿದ್ದಾರೆ. ಇನ್ನು ಯಾರು ನಿಜ ಹೇಳಿದರೂ ಆಯಿಗೆ ಅದು ಬಲೆಯ ಹಾಗೇ ಕೇಳುತ್ತದೆ. ಎಷ್ಟು ಕಟ್ಟಬೇಕು ಅಂತ ಕೇಳುವಾಗ ಆಕೆಯ ದನಿಯಲ್ಲಿ ಸಿಟ್ಟೂ ಇರಲಿಲ್ಲ, ದಣಿವಿತ್ತು. ನನ್ನನ್ನು ಕಲಕಿದ್ದು ಅದೇ.

"ಏನೂ ಕಟ್ಟೂದು ಬ್ಯಾಡ ಆಯಿ, ನಾನ ಕೊಡಾಂವ" ಅಂತ ನೋಟು ಮುಂದೆ ಹಿಡಿದೆ. ಮುಟ್ಟಲಿಲ್ಲ. ನಾಣ್ಯ ತೆಗೆದು ಆಕೆಯ ಹೆಬ್ಬೆರಳನ್ನು ಆ ತಗ್ಗಿನ ಸಿಂಹದ ಮೇಲೆ ಇಟ್ಟೆ. ಹೇಗೆ ಆಯಿತು ಅಂತ ಎರಡು ಎಲೆ ಒಂದರ ಮೇಲೊಂದು ಒತ್ತಿ ತೋರಿಸಿದೆ. ಹಸಿ ಬೆರಳಿನಿಂದ ತಿರುಗಿಸಿ ತಿರುಗಿಸಿ ನೋಡಿದಳು. ಆಮೇಲೆ ಸಂಚಿಯಿಂದ ಎರಡು ರೂಪಾಯಿ ತೆಗೆದು ನನ್ನ ಕೈಗೆ ಇಟ್ಟಳು.

"ಇದನ್ನ ಹುಡುಗಗ ತೋರಸ್ತೀನಿ. ಆಂವ ಹೂಂ ಅಂದ್ರ ರೊಕ್ಕ ಇಸ್ಕೊಂತೀನಿ."

ಸರಿ ಅಂದು ನಾಣ್ಯ ಬಿಟ್ಟು ಬಂದೆ.

ಇವತ್ತು ಶುಕ್ರವಾರ. ಮೂರು ದಿನದಿಂದ ಆಯಿ ಬಂದಿಲ್ಲ. ಗೋಣಿಚೀಲ ಹಾಸುತ್ತಿದ್ದ ಜಾಗದಲ್ಲಿ ಯಾರೋ ಬದನೆಕಾಯಿ ಹಚ್ಚಿದ್ದಾರೆ. ಆ ನಾಲ್ಕು ನೂರು ಅಂಗಿ ಬದಲಿಸಿದಾಗಲೆಲ್ಲ ಹೊಸ ಜೇಬಿಗೆ ಹಾಕಿಕೊಂಡು ಹೋಗುತ್ತಿದ್ದೇನೆ. ನಾಳೆಯೂ ಹೋಗುತ್ತೇನೆ.