ಲೋಸ್ ಬಾನ್ಯೋಸ್‌ನಲ್ಲಿ ಮೇಯರ್ ಚುನಾವಣೆಯ ದಿನ

ಲೋಸ್ ಬಾನ್ಯೋಸ್ ಅಂದರೆ ಕೃಷಿ ಓದಿದ ಕನ್ನಡಿಗರಿಗೆ ಮೊದಲು ನೆನಪಾಗುವುದು ಭತ್ತ. 1960ರಲ್ಲಿ ಶುರುವಾದ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ಇರುವುದು ಫಿಲಿಪ್ಪೀನ್ಸ್‌ನ ಈ ಊರಿನಲ್ಲೇ. ನಾನು ಬಂದದ್ದೂ ಅದೇ ಕೆಲಸಕ್ಕೆ. ಒಂದು ಕಡೆ ಮಕಿಲಿಂಗ್ ಬೆಟ್ಟ, ಇನ್ನೊಂದು ಕಡೆ ಲಗುನಾ ಸರೋವರ, ನಡುವೆ 14 ಬರಂಗಾಯ್‌ಗಳು. ಬರಂಗಾಯ್ ಅಂದರೆ ಇಲ್ಲಿನ ಆಡಳಿತದ ಅತಿ ಚಿಕ್ಕ ಘಟಕ. ಅವೆಲ್ಲ ಸೇರಿ ಒಂದು ಪುರಸಭೆ, ಅದಕ್ಕೊಬ್ಬ ಮೇಯರ್. 2025ರ ಮೇ 12, ಸೋಮವಾರ, ಆ ಮೇಯರ್ ಯಾರು ಅಂತ ಊರು ತೀರ್ಮಾನ ಮಾಡಿತು.

ಮಾರ್ಚ್ 28ಕ್ಕೆ ಸ್ಥಳೀಯ ಪ್ರಚಾರ ಶುರುವಾಯಿತು. ಅಲ್ಲಿಂದ ಮೇ 10ರವರೆಗೆ ಕಿವಿಗೆ ಬಿಡುವಿಲ್ಲ. ಒಬ್ಬೊಬ್ಬ ಅಭ್ಯರ್ಥಿಗೂ ಒಂದೊಂದು ಹಾಡು. ಜನಕ್ಕೆ ಗೊತ್ತಿರುವ ರಾಗ ತೆಗೆದುಕೊಂಡು, ಅದಕ್ಕೆ ಹೆಸರು ಮತ್ತು ಮತಪತ್ರದ ಕ್ರಮಸಂಖ್ಯೆ ಸೇರಿಸಿ, ವ್ಯಾನಿನ ಮೇಲೆ ಸ್ಪೀಕರ್ ಕಟ್ಟಿಕೊಂಡು ಬೀದಿ ಬೀದಿ ಸುತ್ತುತ್ತಾರೆ. ಪಕ್ಕದ ಮನೆಯ ಪುಟ್ಟ ಮಗುವಿಗೆ ಉಪಮೇಯರ್ ಅಭ್ಯರ್ಥಿಯ ಹಾಡು ಪೂರ್ತಿ ಬಾಯಿಪಾಠ ಆಗಿತ್ತು. ನಿಶ್ಶಬ್ದ ಇದ್ದದ್ದು ಏಪ್ರಿಲ್ 17 ಮತ್ತು 18ರಂದು ಮಾತ್ರ. ಪವಿತ್ರ ಗುರುವಾರ, ಶುಭ ಶುಕ್ರವಾರ ಇಲ್ಲಿ ಪ್ರಚಾರ ಮಾಡುವ ಹಾಗಿಲ್ಲ.

ನಮ್ಮ ಮನೆ ಒಡತಿ ಸರ್ಕಾರಿ ಪ್ರಾಥಮಿಕ ಶಾಲೆಯ ಟೀಚರ್. ನಾನು ಅವರನ್ನು ಟೀಟ ಅಂತಲೇ ಕರೆಯುತ್ತೇನೆ, ನಮ್ಮಲ್ಲಿ ಚಿಕ್ಕಮ್ಮ ಅಂದ ಹಾಗೆ. ಈ ದೇಶದಲ್ಲಿ ಮತಗಟ್ಟೆ ನಡೆಸುವವರು ಹೆಚ್ಚಾಗಿ ಸರ್ಕಾರಿ ಶಾಲೆಯ ಟೀಚರ್‌ಗಳೇ. 2016ರಲ್ಲಿ ಬಂದ ಒಂದು ಕಾನೂನಿನಿಂದಾಗಿ ಈ ಕೆಲಸ ಈಗ ಕಡ್ಡಾಯ ಅಲ್ಲ. ಟೀಟ ಬೇಡ ಅನ್ನಬಹುದಿತ್ತು. ಅನ್ನಲಿಲ್ಲ. ಮತದಾನದ ದಿನ ಬೆಳಗಿನ ಜಾವ, ಇನ್ನೂ ಕತ್ತಲಿರುವಾಗಲೇ ಫ್ಲಾಸ್ಕ್‌ನಲ್ಲಿ ಕಾಫಿ ತುಂಬಿಕೊಂಡು, ಒಂದು ಸಣ್ಣ ಫ್ಯಾನ್ ಹಿಡಿದು ಹೊರಟರು. "ಮಧ್ಯಾಹ್ನ ಗೇಟ್ ಹತ್ತಿರ ಊಟ ತಂದುಕೊಡ್ತೀಯಾ?" ಅಂತ ಕೇಳಿದರು. ಅದೇ ನೆಪದಲ್ಲಿ ನಾನು ಆ ದಿನವನ್ನೆಲ್ಲ ಮತಗಟ್ಟೆಯಾಗಿದ್ದ ಶಾಲೆಯ ಎದುರು ಕಳೆದೆ.

ವಿದೇಶಿಯರು ಇಲ್ಲಿ ಯಾವ ಅಭ್ಯರ್ಥಿಗೂ ಸಹಾಯ ಮಾಡುವ ಹಾಗಿಲ್ಲ, ಪ್ರಚಾರಕ್ಕೆ ಕೈ ಹಾಕುವ ಹಾಗಿಲ್ಲ. ಕಾನೂನು ಸ್ಪಷ್ಟವಾಗಿದೆ, ಹಾಗೇ ಇರಬೇಕು ಕೂಡ. ನಾನು ರಸ್ತೆಯ ಈಚೆ, ಅಂಗಡಿಯ ನೆರಳಲ್ಲಿ ನಿಂತು ನೋಡಿದೆ.

ಬೆಳಿಗ್ಗೆ ಐದರಿಂದ ಏಳರವರೆಗೆ ವಯಸ್ಸಾದವರಿಗೆ, ಅಂಗವಿಕಲರಿಗೆ, ಗರ್ಭಿಣಿಯರಿಗೆ ಮೊದಲ ಅವಕಾಶ. ಮಕ್ಕಳ, ಮೊಮ್ಮಕ್ಕಳ ಕೈ ಹಿಡಿದು ಅಜ್ಜ ಅಜ್ಜಿಯರು ಬಂದರು. ಏಳಾದ ಮೇಲೆ ಸಾಲು ಗೇಟ್ ದಾಟಿ ರಸ್ತೆಗೆ ಬಂತು. ಮೇ ತಿಂಗಳ ಬಿಸಿಲು, ಸೆಕೆ. ಹೆಂಗಸರು ಅಭ್ಯರ್ಥಿಗಳ ಮುಖ ಇರುವ ರಟ್ಟಿನ ಬೀಸಣಿಗೆಯಲ್ಲೇ ಗಾಳಿ ಹಾಕಿಕೊಳ್ಳುತ್ತಿದ್ದರು. ತುಂಬಾ ಜನರ ಕೈಯಲ್ಲಿ ಕೋಡಿಗೊ ಇತ್ತು. ಯಾರಿಗೆ ಹಾಕಬೇಕು ಅಂತ ಮನೆಯಲ್ಲೇ ಬರೆದುಕೊಂಡು ಬರುವ ಚೀಟಿ ಅದು.

ಚೀಟಿ ಯಾಕೆ ಬೇಕು ಅನ್ನುವುದು ಮತಪತ್ರ ನೋಡಿದರೆ ಗೊತ್ತಾಗುತ್ತದೆ. ತುಂಬಾ ಉದ್ದನೆಯ ಕಾಗದ. ಒಂದೇ ಹಾಳೆಯಲ್ಲಿ 12 ಸೆನೆಟರ್‌ಗಳು, ಒಂದು ಪಾರ್ಟಿ ಲಿಸ್ಟ್ (ಸಂಸತ್ತಿನ ಕೆಳಮನೆಗೆ ವ್ಯಕ್ತಿಯ ಬದಲು ಸಂಘಟನೆಗೆ ಹಾಕುವ ಮತ), ಸಂಸದ, ಪ್ರಾಂತ್ಯದ ಮುಖ್ಯಸ್ಥನಾದ ಗವರ್ನರ್, ಉಪಗವರ್ನರ್, ಪ್ರಾಂತ್ಯದ ಮಂಡಳಿ, ಆಮೇಲೆ ಮೇಯರ್, ಉಪಮೇಯರ್, ಕೊನೆಗೆ 8 ಕೌನ್ಸಿಲರ್‌ಗಳು. ಹೆಸರಿನ ಪಕ್ಕದ ಅಂಡಾಕಾರಕ್ಕೆ ಪೆನ್ನಿನಿಂದ ಪೂರ್ತಿ ಬಣ್ಣ ತುಂಬಬೇಕು. ಕೌನ್ಸಿಲರ್‌ಗೆ ಎಂಟರ ಬದಲು ಒಂಬತ್ತು ತುಂಬಿದರೆ ಆ ಸ್ಥಾನದ ಎಲ್ಲ ಮತವೂ ಹೋಯಿತು. ಆಮೇಲೆ ಹಾಳೆಯನ್ನು ಯಂತ್ರಕ್ಕೆ ತಾವೇ ಕೊಡಬೇಕು. ಯಂತ್ರ ಒಂದು ರಸೀದಿ ಮುದ್ರಿಸುತ್ತದೆ. ತಾನು ಆರಿಸಿದ ಹೆಸರುಗಳೇ ಅದರಲ್ಲಿವೆಯಾ ಅಂತ ನೋಡಿ, ಮಡಿಸಿ ಡಬ್ಬಿಗೆ ಹಾಕಿ, ಬೆರಳಿಗೆ ಶಾಯಿ ಹಚ್ಚಿಸಿಕೊಂಡು ಹೊರಗೆ. ಶಾಯಿ ಬಲಗೈ ತೋರುಬೆರಳಿಗೆ, ಉಗುರಿನ ಬುಡಕ್ಕೆ. ಮೈಸೂರಿನ ಶಾಯಿಯನ್ನು ಎಡಗೈಗೆ ಹಚ್ಚಿಸಿಕೊಂಡು ಅಭ್ಯಾಸವಾದ ನನಗೆ ಎಲ್ಲರ ಬಲಗೈಯನ್ನೇ ನೋಡುವುದು ಹೊಸದಾಗಿತ್ತು.

ಮೇಯರ್ ಮತ್ತು ಉಪಮೇಯರ್‌ಗೆ ಬೇರೆ ಬೇರೆ ಮತ. ಹಾಗಾಗಿ ಇಬ್ಬರೂ ಎದುರಾಳಿ ಗುಂಪಿನವರಾಗಿರಬಹುದು. ಕೌನ್ಸಿಲ್ ಸಭೆಯ ಅಧ್ಯಕ್ಷತೆ ಉಪಮೇಯರ್‌ನದ್ದು, ಮೇಯರ್‌ನದ್ದಲ್ಲ. ನಮ್ಮ ಪುರಸಭೆಗಳಲ್ಲಿ ವಾರ್ಡಿನಿಂದ ಗೆದ್ದ ಸದಸ್ಯರು ಒಳಗೇ ಅಧ್ಯಕ್ಷರನ್ನು ಆರಿಸಿಕೊಳ್ಳುತ್ತಾರೆ, ಮೀಸಲಾತಿ ಪಟ್ಟಿಗೆ ವರ್ಷಗಟ್ಟಲೆ ಕಾಯುವುದೂ ಉಂಟು. ಇಲ್ಲಿ ಮೀನು ಮಾರುವ ಹೆಂಗಸು ನೇರವಾಗಿ ಮೇಯರ್‌ನನ್ನೇ ಆರಿಸುತ್ತಾಳೆ. ನನಗೆ ಇದು ತುಂಬಾ ಇಷ್ಟವಾಯಿತು.

ಎಲ್ಲವೂ ಚೆನ್ನ ಅಂತ ಹೇಳಿದರೆ ಸುಳ್ಳಾಗುತ್ತದೆ. ದುಡ್ಡು ಹಂಚುವುದು ಇಲ್ಲೂ ಇದೆ. ಮಾದರಿ ಮತಪತ್ರಕ್ಕೆ ನೋಟು ಸೇರಿಸಿ ರಾತ್ರಿ ಮನೆ ಬಾಗಿಲಿಗೆ ತಲುಪಿಸುತ್ತಾರೆ ಅಂತ ಅಂಗಡಿಯಾಕೆ ಮುಚ್ಚುಮರೆ ಇಲ್ಲದೆ ಹೇಳಿದಳು. "ತಗೊಂಡವರು ಅವರಿಗೇ ಹಾಕ್ತಾರಾ?" ಅಂದೆ. "ಒಳಗೆ ಹೋದ ಮೇಲೆ ಯಾರಿಗೆ ಕಾಣುತ್ತೆ?" ಅಂದಳು. ಕುಟುಂಬ ರಾಜಕೀಯ ಇನ್ನೂ ಆಳವಾದ ರೋಗ. 1987ರ ಸಂವಿಧಾನ ಕುಟುಂಬ ರಾಜಕೀಯವನ್ನು ನಿಷೇಧಿಸಬೇಕು ಅನ್ನುತ್ತದೆ, ಆದರೆ ಅದರ ಅರ್ಥವನ್ನು ಕಾನೂನು ಹೇಳಲಿ ಅಂತ ಬಿಟ್ಟಿದೆ. ಮೇಯರ್, ಗವರ್ನರ್ ಹುದ್ದೆಗಳಿಗೆ ಅನ್ವಯಿಸುವ ಅಂಥ ಕಾನೂನನ್ನು ಸಂಸತ್ತು ಆ ಚುನಾವಣೆಯವರೆಗೂ ಮಾಡಿರಲಿಲ್ಲ. ಮೇಯರ್‌ಗೆ ಮೂರು ವರ್ಷದ ಅವಧಿ, ಸತತ ಮೂರು ಸಲ ಮಾತ್ರ. ನಾಲ್ಕನೇ ಸಲ ಹೆಂಡತಿ ನಿಲ್ಲುತ್ತಾರೆ, ಇಲ್ಲವೇ ಮಗ. ದೇಶದ ಎಷ್ಟೋ ಊರುಗಳಲ್ಲಿ ಇದೇ ಕಥೆ.

ಕುರ್ಚಿಗೆ ಇನ್ನೊಂದು ಬೆಲೆಯೂ ಇದೆ. 2020ರ ಡಿಸೆಂಬರ್ 3ರ ರಾತ್ರಿ ಇದೇ ಊರಿನ ಮೇಯರ್ ಸೀಸರ್ ಪೆರೆಸ್ ಅವರನ್ನು ಪುರಸಭೆಯ ಆವರಣದಲ್ಲೇ ಗುಂಡಿಟ್ಟು ಕೊಂದರು. ಸಾಲಿನಲ್ಲಿ ನಿಂತ ಬಹಳಷ್ಟು ಜನ ಆ ದಿನವನ್ನು ಕಂಡವರೇ. ಚುನಾವಣೆಗಾಗಿ ಜನವರಿ 12ರಿಂದ ಜೂನ್ 11ರವರೆಗೆ ದೇಶದಾದ್ಯಂತ ಬಂದೂಕು ಹಿಡಿದು ಓಡಾಡುವುದಕ್ಕೆ ನಿಷೇಧ ಇತ್ತು. ನಾಕಾಬಂದಿಯಲ್ಲಿ ಜೀಪ್ನಿಗಳನ್ನು, ಅಂದರೆ ಜನ ಸಾಗಿಸುವ ಇಲ್ಲಿನ ಉದ್ದನೆಯ ಜೀಪುಗಳನ್ನು ನಿಲ್ಲಿಸಿ ಪೊಲೀಸರು ಒಳಗೆ ಇಣುಕುವುದು ಯಾಕೆ ಅಂತ ಈ ಊರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅಷ್ಟಾದರೂ ಜನ ಬಂದರು. ಆ ಚುನಾವಣೆಯಲ್ಲಿ ದೇಶದ ಮತದಾನ ಶೇ. 80 ದಾಟಿತು.

ಮಧ್ಯಾಹ್ನ ಡಬ್ಬಿ ತೆಗೆದುಕೊಂಡು ಗೇಟ್ ಹತ್ತಿರ ಹೋದೆ. ಟೀಟ ಬಂದರು. ಬೆರಳುಗಳ ತುದಿಯೆಲ್ಲ ನೇರಳೆ, ಬೆಳಗಿನಿಂದ ಬೇರೆಯವರ ಬೆರಳಿಗೆ ಶಾಯಿ ಹಚ್ಚಿ ಹಚ್ಚಿ. ಸೆಕೆಗೆ ಯಂತ್ರ ಆಗಾಗ ಹಾಳೆಯನ್ನು ವಾಪಸ್ ತಳ್ಳುತ್ತಿತ್ತಂತೆ. ತಂದ ಫ್ಯಾನನ್ನು ಯಂತ್ರದ ಕಡೆ ತಿರುಗಿಸಿಟ್ಟಿದ್ದರು. ಒಬ್ಬ ಅಜ್ಜ ಹಾಳೆ ವಾಪಸ್ ಬಂದದ್ದು ನೋಡಿ ಕಣ್ಣೀರು ಹಾಕಿಕೊಂಡರಂತೆ. "ತಾತಾ, ಗಾಬರಿ ಆಗ್ಬೇಡಿ, ನಿಮ್ಮ ವೋಟು ಹೋಗಲ್ಲ ಅಂತ ಪಕ್ಕದಲ್ಲೇ ನಿಂತೆ. ಮೂರನೇ ಸಲಕ್ಕೆ ತಗೊಳ್ತು," ಅಂದರು. ನಿಂತುಕೊಂಡೇ ನಾಲ್ಕು ತುತ್ತು ತಿಂದು ಒಳಗೆ ಓಡಿದರು.

ಗೇಟಿಂದ ವಾಪಸ್ ಬರುವಾಗ ನಮ್ಮೂರು ನೆನಪಾಗಿ ಹೊಟ್ಟೆ ಉರಿಯಿತು. ಕರ್ನಾಟಕದಲ್ಲಿ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳಿಗೆ ಕೊನೆಯ ಸಲ ಮತ ಹಾಕಿದ್ದು 2016ರಲ್ಲಿ. ಅವಧಿ 2021ಕ್ಕೇ ಮುಗಿಯಿತು. ಬೆಂಗಳೂರಿನ ಪಾಲಿಕೆಗೆ 2020ರ ಸೆಪ್ಟೆಂಬರ್‌ನಿಂದ ಜನ ಆರಿಸಿದ ಒಬ್ಬ ಸದಸ್ಯನೂ ಇರಲಿಲ್ಲ. ನಾನು ಆ ಶಾಲೆಯ ಎದುರು ನಿಂತ ದಿನಕ್ಕೂ ಎರಡೂ ಕಡೆ ಚುನಾವಣೆ ಆಗಿರಲಿಲ್ಲ. ಚರಂಡಿ ಕಟ್ಟಿಕೊಂಡರೆ ಯಾರನ್ನು ಕೇಳಬೇಕು? ಅಧಿಕಾರಿಯನ್ನು. ಆ ಅಧಿಕಾರಿ ನಮ್ಮ ಮತ ಕೇಳಿಕೊಂಡು ಯಾವತ್ತೂ ಬರುವುದಿಲ್ಲ, ಅಲ್ವಾ? ಫಿಲಿಪ್ಪೀನ್ಸ್‌ನಲ್ಲೂ ಬರಂಗಾಯ್ ಚುನಾವಣೆಯನ್ನು ಸಂಸತ್ತು ಮತ್ತೆ ಮತ್ತೆ ಮುಂದೂಡಿದೆ. ಆದರೆ ಮೇಯರ್ ಚುನಾವಣೆ ಮೂರು ವರ್ಷಕ್ಕೊಮ್ಮೆ, ಮೇ ತಿಂಗಳ ಎರಡನೇ ಸೋಮವಾರ. ಅದಕ್ಕೆ ಕೈ ಹಾಕಿಲ್ಲ.

ಸಂಜೆ ಏಳಕ್ಕೆ ಮತದಾನ ಮುಗಿಯಿತು. ಆಮೇಲೆ ಯಂತ್ರ ಉದ್ದನೆಯ ಪಟ್ಟಿಗಳನ್ನು ಮುದ್ರಿಸುತ್ತದೆ, ಒಂದನ್ನು ಎಲ್ಲರಿಗೂ ಕಾಣುವ ಹಾಗೆ ಅಂಟಿಸುತ್ತಾರೆ. ಅದರ ಫೋಟೊ ಮೊಬೈಲಿನಿಂದ ಮೊಬೈಲಿಗೆ ಹಾರಿ ಅಂಗಡಿಗೂ ಬಂತು. ಜನ ಮೊದಲು ನೋಡಿದ್ದು ಸೆನೆಟರ್‌ಗಳನ್ನಲ್ಲ. ಬೆರಳಲ್ಲಿ ಸರಸರ ಕೆಳಗೆ ಇಳಿಸಿ ಮೇಯರ್, ಉಪಮೇಯರ್, ಎಂಟು ಕೌನ್ಸಿಲರ್‌ಗಳ ಲೆಕ್ಕವನ್ನು ಓದಿದರು. ಒಬ್ಬಾಕೆ ಜೋರಾಗಿ ಸಂಖ್ಯೆ ಹೇಳಿದಂತೆ ಇನ್ನೊಬ್ಬ ರಟ್ಟಿನ ಮೇಲೆ ಬರೆದುಕೊಂಡ.

ಟೀಟ ಮನೆಗೆ ಬಂದಾಗ ಮಧ್ಯರಾತ್ರಿ ಆಗುತ್ತಾ ಬಂದಿತ್ತು. ಅನ್ನ ಬಿಸಿ ಮಾಡಿ ಕೊಟ್ಟೆ. ಅವರು ಯಾರಿಗೆ ಹಾಕಿದರು ಅಂತ ನಾನು ಕೇಳಲಿಲ್ಲ, ಅವರು ಹೇಳಲೂ ಇಲ್ಲ. ಗೆದ್ದವರು ಜೂನ್ 30ರ ಮಧ್ಯಾಹ್ನದಿಂದ ಅಧಿಕಾರದಲ್ಲಿರುತ್ತಾರೆ, ಶಾಲೆಯ ಮುಂದಿನ ಚರಂಡಿಯ ವಿಷಯಕ್ಕೆ ಜುಲೈನಲ್ಲೇ ಕೌನ್ಸಿಲ್‌ಗೆ ಅರ್ಜಿ ಕೊಡ್ತೀವಿ ಅಂದರು. "ಮಾಡದಿದ್ದರೆ?" ಅಂದೆ.

"2028ರ ಮೇ 8," ಅಂದು ಊಟ ಮುಂದುವರಿಸಿದರು.