ಹನ್ನೆರಡು ಹಿಟ್ ಹೊಡೆದವರು ಸೋತ ಮ್ಯಾಚ್

ಕ್ರಿಕೆಟ್ ಸ್ಕೋರ್‌ಕಾರ್ಡನ್ನು ಸಾಲು ಸಾಲಾಗಿ ಓದುವ ಚಟ ಇರುವವರಿಗೆ ಬೇಸ್‌ಬಾಲ್‌ನ ಬಾಕ್ಸ್ ಸ್ಕೋರ್ ಕೂಡ ಬೇಗ ಹಿಡಿಸುತ್ತದೆ. ಹಿಡಿಸಲೇಬೇಕು ಬಿಡಿ. 19ನೇ ಶತಮಾನದಲ್ಲಿ ಅದಕ್ಕೆ ಒಂದು ರೂಪ ಕೊಟ್ಟ ಹೆನ್ರಿ ಚಾಡ್‌ವಿಕ್ ಇಂಗ್ಲೆಂಡಿನಲ್ಲಿ ಹುಟ್ಟಿದವರು, ಅಮೆರಿಕದ ಪತ್ರಿಕೆಗಳಿಗೆ ಮೊದಲು ಕ್ರಿಕೆಟ್ ವರದಿ ಬರೆಯುತ್ತಿದ್ದವರು.

ನನಗೆ ಎಲ್ಲಕ್ಕಿಂತ ಇಷ್ಟವಾದ ಬಾಕ್ಸ್ ಸ್ಕೋರ್ 1959ರ ಮೇ 26ರದ್ದು. ಮಿಲ್ವಾಕೀ ಕೌಂಟಿ ಸ್ಟೇಡಿಯಂನಲ್ಲಿ ಬ್ರೇವ್ಸ್ ಮತ್ತು ಪಿಟ್ಸ್‌ಬರ್ಗ್ ಪೈರೇಟ್ಸ್ ಆಡಿದ ಮ್ಯಾಚ್. ಪ್ರತಿ ತಂಡದ ಸಾಲಿನ ಕೊನೆಗೆ ಮೂರು ಅಂಕಿ ಇರುತ್ತವೆ: ರನ್ (ಬೇಸ್‌ಗಳನ್ನೆಲ್ಲ ಸುತ್ತಿ ‘ಮನೆ’ ಸೇರಿದರೆ ಒಂದು), ಹಿಟ್ (ಚೆಂಡು ಹೊಡೆದು ಬೇಸ್ ಸೇರಿದ್ದು), ಎರರ್ (ಫೀಲ್ಡರ್ ಮಾಡಿದ ತಪ್ಪು). ಪಿಟ್ಸ್‌ಬರ್ಗ್ 0, 12, 1. ಮಿಲ್ವಾಕೀ 1, 1, 0. ಸುಮ್ನೆ ನೋಡಿದರೆ ಎಲ್ಲೋ ಅಚ್ಚಿನ ತಪ್ಪಾಗಿದೆ ಅನಿಸುತ್ತದೆ, ಅಲ್ವಾ?

ಪೈರೇಟ್ಸ್ ಪಿಚರ್ (ಚೆಂಡು ಎಸೆಯುವವರು) ಹಾರ್ವಿ ಹ್ಯಾಡಿಕ್ಸ್‌ಗೆ ಅವತ್ತು ಮೈ ಹುಷಾರಿರಲಿಲ್ಲ. ಆದರೂ ಹನ್ನೆರಡು ಇನಿಂಗ್ಸ್‌ನಲ್ಲಿ ಬಂದ 36 ಬ್ಯಾಟರ್‌ಗಳನ್ನೂ ಔಟ್ ಮಾಡಿದರು, ಒಬ್ಬರೂ ಮೊದಲ ಬೇಸ್ ಮುಟ್ಟಲಿಲ್ಲ. ಒಂಬತ್ತು ಇನಿಂಗ್ಸ್‌ನಲ್ಲಿ 27 ಜನರನ್ನು ಹೀಗೆ ಕಳಿಸಿ ಗೆದ್ದರೇ ಅದು ಪರ್ಫೆಕ್ಟ್ ಗೇಮ್, ಅದೇ ಅಪರೂಪ. ಆದರೆ ಅವರ ತಂಡದವರು ಹಿಟ್ ಮೇಲೆ ಹಿಟ್ ಹೊಡೆದರೂ ಒಂದು ರನ್ನೂ ಮಾಡಲಾಗಲಿಲ್ಲ, ಹಾಗಾಗಿ 0-0 ಸಮವಾಗಿ ಮ್ಯಾಚ್ ಒಂಬತ್ತು ಇನಿಂಗ್ಸ್ ದಾಟಿ ಮುಂದುವರಿಯಿತು. ಪೈರೇಟ್ಸ್‌ನ ಹೆಸರಾಂತ ಬ್ಯಾಟರ್ ರಾಬರ್ಟೊ ಕ್ಲೆಮೆಂಟೆ ಅವತ್ತು ಆಡಿರಲಿಲ್ಲ. ಬಾಕ್ಸ್ ಸ್ಕೋರಿನಲ್ಲಿ ಆಡದವರ ಹೆಸರೇ ಇರುವುದಿಲ್ಲವಲ್ಲ.

ಹದಿಮೂರನೇ ಇನಿಂಗ್ಸ್‌ನಲ್ಲಿ ಪೈರೇಟ್ಸ್ ಫೀಲ್ಡರ್ ಡಾನ್ ಹೋಕ್ ಎಸೆತ ತಪ್ಪಿ ಬ್ರೇವ್ಸ್‌ನ ಫೀಲಿಕ್ಸ್ ಮಾಂಟಿಯಾ ಬೇಸ್ ಸೇರಿದರು. ಪೈರೇಟ್ಸ್ ಸಾಲಿನ ಆ ಒಂದು ಎರರ್ ಇದೇ. ಎಡ್ಡಿ ಮ್ಯಾಥ್ಯೂಸ್ ತಾನು ಔಟಾಗಿ ಮಾಂಟಿಯಾರನ್ನು ಎರಡನೇ ಬೇಸ್‌ಗೆ ತಳ್ಳಿದರು. ಹ್ಯಾಂಕ್ ಆರನ್‌ಗೆ ಬೇಕಂತಲೇ ವಾಕ್ ಕೊಟ್ಟರು, ಅಂದರೆ ಹೊಡೆಯಲಾಗದಂತೆ ಎಸೆದು ಸುಮ್ಮನೆ ಮೊದಲ ಬೇಸ್‌ಗೆ ಕಳಿಸಿದರು. ಆಮೇಲೆ ಜೋ ಅಡ್‌ಕಾಕ್ ಹೊಡೆದ ಚೆಂಡು ಬೇಲಿ ದಾಟಿ ಹೋಯಿತು.

ಮೂರು ಜನ ಓಡಿ ಬಂದರೆ 3-0 ಆಗಬೇಕು. ಆದರೆ ಚೆಂಡು ಬೇಲಿ ದಾಟಿದ್ದು ಆರನ್‌ಗೆ ಗೊತ್ತಾಗಲಿಲ್ಲ. ಮಾಂಟಿಯಾ ಬಂದರೆ ಮ್ಯಾಚ್ ಮುಗೀತು ಅಂದುಕೊಂಡು ಎರಡನೇ ಬೇಸ್ ಮುಟ್ಟಿ ಡಗ್‌ಔಟ್ ಕಡೆ ತಿರುಗಿಬಿಟ್ಟರು. ಹಿಂದಿನಿಂದ ಬಂದ ಅಡ್‌ಕಾಕ್ ಅವರನ್ನು ದಾಟಿದ್ದೇ ಔಟ್. ಲೀಗ್ ಅಧ್ಯಕ್ಷ ವಾರನ್ ಜೈಲ್ಸ್ ಆಮೇಲೆ ಕೊಟ್ಟ ತೀರ್ಪು: ಹೋಮ್ ರನ್ (ಬೇಲಿ ದಾಟಿದ ಹೊಡೆತ) ಅಲ್ಲ, ಡಬಲ್ (ಎರಡು ಬೇಸ್‌ನ ಹಿಟ್). ಮಾಂಟಿಯಾ ರನ್ ಮಾತ್ರ ಉಳಿಯಿತು, ಸ್ಕೋರ್ 1-0.

ಈಗ ಹ್ಯಾಡಿಕ್ಸ್ ಸಾಲು ನೋಡಿ: 12⅔ ಇನಿಂಗ್ಸ್, 1 ಹಿಟ್, 1 ರನ್, 1 ವಾಕ್, 8 ಸ್ಟ್ರೈಕ್‌ಔಟ್ (ಚೆಂಡು ಹೊಡೆಯಲಾಗದೆ ಔಟಾದವರು). ಅರ್ನ್ಡ್ ರನ್ ಸೊನ್ನೆ, ಯಾಕಂದ್ರೆ ಎರರ್‌ನಿಂದ ಬೇಸ್ ಸೇರಿದವನ ರನ್ನನ್ನು ಪಿಚರ್ ಲೆಕ್ಕಕ್ಕೆ ಹಾಕುವುದಿಲ್ಲ. ನನ್ನ ಕಣ್ಣು ಯಾವಾಗಲೂ ಆ ⅔ ಮೇಲೆ ನಿಲ್ಲುತ್ತದೆ. ಒಂದು ಔಟ್ ಅಂದರೆ ಮೂರನೇ ಒಂದು ಭಾಗ. ಹದಿಮೂರನೇ ಇನಿಂಗ್ಸ್‌ನ ಮೊದಲ ಔಟ್ ಮ್ಯಾಥ್ಯೂಸ್‌ದು. ಎರಡನೆಯದು ಸ್ವತಃ ಅಡ್‌ಕಾಕ್‌ದು! ತನ್ನನ್ನು ಸೋಲಿಸಿದವನ ಔಟ್ ಕೂಡ ಹ್ಯಾಡಿಕ್ಸ್ ಖಾತೆಗೇ ಜಮಾ ಆಗಿದೆ.

1991ರಲ್ಲಿ ನೋ-ಹಿಟರ್ ಅಂದರೆ ಏನು ಅಂತ ಮೇಜರ್ ಲೀಗ್ ಹೊಸದಾಗಿ ನಿಯಮ ಮಾಡಿತು: ಕನಿಷ್ಠ ಒಂಬತ್ತು ಇನಿಂಗ್ಸ್ ಆಗಿರಬೇಕು, ಮ್ಯಾಚ್ ಮುಗಿಯೋವರೆಗೂ ಒಂದು ಹಿಟ್ಟೂ ಬಿದ್ದಿರಬಾರದು. ಈ ಮ್ಯಾಚ್ ಪಟ್ಟಿಯಿಂದ ಹೊರಗೆ ಹೋಯಿತು. ನನಗೇನೂ ಸಿಟ್ಟಿಲ್ಲ, ಹಿಟ್ ಬಿದ್ದಿದ್ದು ನಿಜ ತಾನೇ.

ಗೆದ್ದ ಪಿಚರ್ ಲೂ ಬರ್ಡೆಟ್ ಬಗ್ಗೆ ಮಾತ್ರ ಯಾರೂ ಜಾಸ್ತಿ ಮಾತಾಡಲ್ಲ. 13 ಇನಿಂಗ್ಸ್, 12 ಹಿಟ್, 0 ರನ್, ಒಂದೂ ವಾಕ್ ಇಲ್ಲ. ಅಷ್ಟು ಹಿಟ್ ಹೊಡೆಸಿಕೊಂಡೂ ಒಬ್ಬರನ್ನೂ ಮನೆ ಸೇರಗೊಡದೆ ಹದಿಮೂರು ಇನಿಂಗ್ಸ್ ಒಬ್ಬರೇ ಎಸೆಯುವುದು ಈಗಿನ ಯಾವ ಪಿಚರ್ ಕೈಲೂ ಆಗೋ ಕೆಲಸ ಅಲ್ಲ, ಕೋಚ್‌ಗಳು ಬಿಡುವುದೂ ಇಲ್ಲ.