42 ಗ್ರಾಂ ತೂಕದ ಲಕೋಟೆ

1974ರಲ್ಲಿ ನ್ಯೂಯಾರ್ಕಿನಲ್ಲಿ, ಥಾಯ್ಲೆಂಡಿನಿಂದ ಬಂದ ಟಪಾಲು ಚೀಲ ನೋಡುತ್ತಿದ್ದ ಕಸ್ಟಮ್ಸ್ ಅಧಿಕಾರಿಯ ಕಣ್ಣಿಗೆ ಎಂಟು ಲಕೋಟೆ ಬಿದ್ದವು. ಎಲ್ಲವೂ ದಪ್ಪ. ವಿಳಾಸಗಳು ಒಂದೇ ಟೈಪ್‌ರೈಟರಿನಲ್ಲಿ ಹೊಡೆದಂತಿದ್ದವು, ಆದರೆ ಹೋಗಬೇಕಾದ್ದು ವಾಷಿಂಗ್ಟನ್ ಸುತ್ತಲಿನ ನಾಲ್ಕು ಬೇರೆ ಬೇರೆ ಜಾಗಕ್ಕೆ. ಒಂದನ್ನು ಅದುಮಿ ನೋಡಿದರು: ಬರೀ ಕಾಗದವಲ್ಲ. ತೂಗಿದರು: 42 ಗ್ರಾಂ, ಮಾಮೂಲಿ ಏರ್‌ಮೇಲ್ ಪತ್ರದ ಮೂರರಿಂದ ಆರು ಪಟ್ಟು. ಒಡೆದಾಗ ರಟ್ಟಿನ ನಡುವೆ ಪ್ಲಾಸ್ಟಿಕ್ ಚೀಲ, ಅದರೊಳಗೆ ಬಿಳಿ ಪುಡಿ. ಸ್ಥಳದಲ್ಲೇ ರಾಸಾಯನಿಕ ಹಾಕಿ ಪರೀಕ್ಷಿಸಿದರು, ಹೆರಾಯಿನ್. ಉಳಿದ ಏಳರಲ್ಲೂ ಅದೇ.

ಆ ಹೊತ್ತಿಗೆ ಅವರ ಬಳಿ ವಾರಂಟ್ ಇರಲಿಲ್ಲ. ಮೇಲ್ಮನವಿ ನ್ಯಾಯಾಲಯ ಶೋಧ ತಪ್ಪೆಂದಿತು. 1977ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು 6–3ರ ಬಹುಮತದಿಂದ ಅದನ್ನು ತಿರುಗಿಸಿತು. ತೀರ್ಪು ಬರೆದ ನ್ಯಾಯಮೂರ್ತಿ ರೆಂಕ್ವಿಸ್ಟ್ ಅವರ ವಾದ ನೇರ: ಗಡಿ ದಾಟಿ ಬರುವ ವಸ್ತು ಪ್ರಯಾಣಿಕನ ಪೆಟ್ಟಿಗೆಯಲ್ಲಿದ್ದರೇನು, ಲಕೋಟೆಯಲ್ಲಿದ್ದರೇನು, ತಪಾಸಣೆಯ ಅಧಿಕಾರ ಒಂದೇ. 1866ರ ಕಾನೂನಿನ ಪ್ರಕಾರ ಅನುಮಾನಕ್ಕೆ ಸಕಾರಣವಿದ್ದರೆ ಸಾಕು.

ಒಡೆಯುವುದು ಬೇರೆ, ಓದುವುದು ಬೇರೆ. ಈ ಗೆರೆಯನ್ನು ಬಹಳ ಮಂದಿ ಗಮನಿಸುವುದೇ ಇಲ್ಲ, ನನಗೆ ಮಾತ್ರ ಇಡೀ ವಿಷಯದ ಜೀವ ಇಲ್ಲೇ ಇದೆ ಅನಿಸುತ್ತದೆ. ಹೊರದೇಶದಿಂದ ಅಮೆರಿಕಕ್ಕೆ ಬಂದ, ಒಳಗೆ ಬರೀ ಪತ್ರವಿರುವಂತೆ ಕಾಣುವ ಮುಚ್ಚಿದ ಲಕೋಟೆಯನ್ನು ವಾರಂಟ್ ಅಥವಾ ಕಳಿಸಿದವರ, ಇಲ್ಲವೇ ಪಡೆಯುವವರ ಲಿಖಿತ ಒಪ್ಪಿಗೆಯಿಲ್ಲದೆ ಕಸ್ಟಮ್ಸಿನವರು ತೆರೆಯುವಂತಿಲ್ಲ. ಪತ್ರದ ಜೊತೆ ಬೇರೆ ವಸ್ತುವೂ ಇದೆಯೆಂಬ ಅನುಮಾನಕ್ಕೆ ಕಾರಣವಿದ್ದರೆ ತೆರೆಯಬಹುದು, ಆದರೆ ಆಗಲೂ ಪತ್ರ ಓದಲು ವಾರಂಟೋ ಒಪ್ಪಿಗೆಯೋ ಬೇಕೇ ಬೇಕು. ಹಾಗಾಗಿ ಅಂತರಂಗದ ಪತ್ರದೊಳಗೆ ಉಂಗುರ, ಪೆನ್‌ಡ್ರೈವ್ ತುರುಕಬೇಡಿ. ಆ ಸಣ್ಣ ಉಬ್ಬೇ ಲಕೋಟೆ ಒಡೆಯಲು ಕಾರಣವಾದೀತು. ಒಡೆದ ಮೇಲೆ ಪತ್ರವನ್ನು ಕಾಯುವುದು ಆ ನಿಯಮವೊಂದೇ.

ಪಾರ್ಸೆಲ್ಲಿಗೆ ಈ ರಕ್ಷಣೆ ಇಲ್ಲ, ಹೊರಗಿನಿಂದ ಬಂದದ್ದನ್ನು ಅನುಮಾನವಿಲ್ಲದೆಯೂ ತೆರೆಯಬಹುದು. ಸರಕಿನ ಘೋಷಣಾ ಚೀಟಿಯಲ್ಲಿ "ಉಡುಗೊರೆ" ಎಂದಷ್ಟೇ ಗೀಚಿದರೆ ಒಳಗೇನಿದೆ ಎಂದು ಹೇಳಿದಂತಾಗಲಿಲ್ಲ. "ಹತ್ತಿ ಅಂಗಿ, 2" ಎಂದು ಬರೆದು ತೂಕ, ಬೆಲೆ ನಮೂದಿಸಿ. ಘೋಷಣಾ ಚೀಟಿಯಲ್ಲಿ ಎರಡು ಬಗೆ: ಪತ್ರದಂಚೆಯ ಸಣ್ಣ ಪ್ಯಾಕೆಟ್ಟಿನ ಬೆಲೆ 300 ಎಸ್‌ಡಿಆರ್ (ಅಂತರರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ಮಾನ) ಒಳಗಿದ್ದರೆ ಸಿಎನ್ 22, ದಾಟಿದರೆ ಸಿಎನ್ 23; ಪಾರ್ಸೆಲ್ಲಿಗೆ ಸಿಎನ್ 23.

ಅಮೆರಿಕದಿಂದ ಹೊರಹೋಗುವ ಅಂಚೆಗೆ ಅಲ್ಲಿನ 2002ರ ವ್ಯಾಪಾರ ಕಾಯ್ದೆ ಬೇರೆ ಅಳತೆ ಇಟ್ಟಿತು. ತಪಾಸಣೆಯಿಂದ ರಕ್ಷಣೆ ಇರುವಂತೆ ಮುಚ್ಚಿದ ಟಪಾಲು 16 ಔನ್ಸ್, ಅಂದರೆ ಸುಮಾರು 454 ಗ್ರಾಂ ಮೀರದಿದ್ದರೆ ಈ ಕಾಯ್ದೆಯಡಿ ವಾರಂಟಿಲ್ಲದೆ ಶೋಧಿಸುವಂತಿಲ್ಲ. ಆ 42 ಗ್ರಾಂ ಲಕೋಟೆಯೇ ಇವತ್ತು ನ್ಯೂಯಾರ್ಕಿನಿಂದ ಹೊರಟಿದ್ದರೆ, ಅಧಿಕಾರಿ ಮೊದಲು ನ್ಯಾಯಾಧೀಶರ ಬಳಿ ಹೋಗಬೇಕಿತ್ತು.